ಎಡಕ್ಕೂ ಬಲಕ್ಕೂ ಬೀಳದ ಹೂವು

ಒಬ್ಬ ಭಕ್ತೆ ಕೈಮುಗಿದು ಬೇಡಿದಾಗಲೂ ನಾನು ದೇವರ ನೆತ್ತಿಯ ಮೇಲೆ ಹೂ ಇಡಲಿಲ್ಲ. ಊರಿನಲ್ಲಿ ಕೆಲವರು ಇದನ್ನು ಅಹಂಕಾರವೆಂದರು; ಗುಡಿಯ ಸಮಿತಿಯವರು ಅಪಚಾರವೆಂದರು. ಎರಡು ಮಾತನ್ನೂ ನಾನು ಅಂದು ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿರೂಪಿಸುತ್ತೇನೆ. ಓದುವವರು ತೂಗಿ ನೋಡಲಿ.

ನಾನು ಪೂಜೆ ಮಾಡುವ ಈಶ್ವರನ ಗುಡಿ ಬಡವನಹಳ್ಳಿಯ ಸಂತೆಗೆ ಹೋಗುವ ದಾರಿಯಿಂದ ತುಸು ಒಳಕ್ಕೆ, ಒಂದು ಬಂಡೆಗುಡ್ಡದ ಬುಡದಲ್ಲಿದೆ. ಗುಡಿ ಚಿಕ್ಕದು. ಆದರೆ ಹೂ ಕೇಳುವುದಕ್ಕೆಂದು ಮಧುಗಿರಿ, ಶಿರಾ, ಕೊರಟಗೆರೆಗಳಿಂದಲೂ ಪಾವಗಡದ ಗಡಿಯಿಂದಲೂ ಜನ ಬರುತ್ತಾರೆ. ಅದರ ಕ್ರಮ ಹೀಗಿದೆ. ಬೆಳಗಿನ ರುದ್ರಾಭಿಷೇಕ ಮುಗಿದು ಲಿಂಗದ ಮೇಲಿನ ತೇವ ಆರುವ ಮೊದಲು, ಕಣಗಿಲೆಯ ಎರಡು ಎಸಳುಗಳನ್ನು ತೀರ್ಥದಲ್ಲಿ ಅದ್ದಿ, ಲಿಂಗದ ನೆತ್ತಿಯ ಎರಡು ಬದಿಗಳಿಗೆ ಅಂಟಿಸುತ್ತೇನೆ. ಕೇಳುವವರು ಗರ್ಭಗುಡಿಯ ಹೊಸ್ತಿಲಿನ ಆಚೆ ಕುಳಿತು ತಮ್ಮ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬೇಕು. ದೇವರ ಬಲಗಡೆಯ ಎಸಳು ಮೊದಲು ಬಿದ್ದರೆ ಅಪ್ಪಣೆಯಾಯಿತೆಂದೂ ಎಡಗಡೆಯದು ಬಿದ್ದರೆ ಆ ಕೆಲಸ ಬೇಡವೆಂದೂ ಅರ್ಥ. ನನ್ನ ತಂದೆಯವರು ಇದನ್ನು ಕಲಿಸುವಾಗ ಒಂದೇ ಒಂದು ಕಟ್ಟು ಹಾಕಿಕೊಟ್ಟಿದ್ದರು: ಒಂದು ಸಂಕಲ್ಪಕ್ಕೆ ಒಂದೇ ಹೂ. ಉತ್ತರ ಹಿತವಾಗಲಿಲ್ಲವೆಂದು ಮತ್ತೊಮ್ಮೆ ಕೇಳುವಂತಿಲ್ಲ.

ಹೂ ಕೇಳಲು ಬರುವವರೆಲ್ಲರೂ ಕಳವಳದಲ್ಲಿಯೇ ಬರುತ್ತಾರೆ. ನೆಮ್ಮದಿಯಾಗಿರುವವನಿಗೆ ಹೂವಿನ ಹಂಗೇನು? ಪಾವಗಡ ಸೀಮೆಯ ಬಲಸಮುದ್ರದ ಕಡೆ ಸೌರಫಲಕಗಳನ್ನು ತೊಳೆಸುವ ಗುತ್ತಿಗೆ ಹಿಡಿದಿದ್ದ ಒಬ್ಬಾತ ಬಂದಾಗ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ, ನನಗೆ ಕೊಡಬೇಕಾದ ತೆಂಗಿನಕಾಯಿ ಜಾರಿ ಹೊಸ್ತಿಲಿಗೆ ಬಿದ್ದು ತಾನಾಗಿಯೇ ಒಡೆಯಿತು. ಕೆಲಸಗಾರರು ಕೈಕೊಟ್ಟಿದ್ದರು, ಮೇಲಿನವರು ತಪಾಸಣೆಗೆ ಬರುವವರಿದ್ದರು. ಅವನಿಗೆ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ, ಎದೆಯಲ್ಲಿ ಡವಡವ. ಗುತ್ತಿಗೆಯನ್ನು ಮುಂದುವರಿಸಲೇ ಎಂದು ಕೇಳಿದ. ಎಡಗಡೆಯ ಎಸಳು ಬಿತ್ತು. ಅವನು "ಪೋನೀ ಸಾಮಿ, ವದ್ದಂಟೇ ವದ್ದು. ಬ್ಯಾಡ ಅಂದ್ರೆ ಬ್ಯಾಡ, ಬಿಟ್ಟಾಕ್ತೀನಿ," ಎಂದು ತೆಲುಗು ಕನ್ನಡ ಬೆರೆಸಿ ಹೇಳಿ, ನಿಡಿದಾದ ಒಂದು ಉಸಿರು ಬಿಟ್ಟ. ಆಮೇಲೆ ಪ್ರಸಾದದ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಉತ್ತರ ಅವನಿಗೆ ಪ್ರತಿಕೂಲವಾಗಿತ್ತು. ಆದರೂ ಹೊರೆ ಇಳಿದಿತ್ತು. ಸಂಸಾರದ ಒತ್ತಡವೆಂದರೆ ಇದು. ಕಾರಣ ತೀರಿದರೆ ಅದೂ ತೀರುತ್ತದೆ.

ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು ಮೊದಲ ಸಲ ಹೂ ಕೇಳಲು ಬಂದಾಗ, ಅವಳದೂ ಇದೇ ಜಾತಿಯ ಕಳವಳವೆಂದು ನಾನು ತಿಳಿದೆ. ಹಾಗೆ ತಿಳಿಯಲು ಕಾರಣವೂ ಇತ್ತು. ಎಲ್ಲಿಯೋ ಒಂದು ಶಾಲೆಯ ಸಾರಿನಲ್ಲಿ ಹಲ್ಲಿ ಬಿದ್ದು ಮಕ್ಕಳು ಆಸ್ಪತ್ರೆಗೆ ಸೇರಿದ ದೃಶ್ಯವನ್ನು ಅವಳು ಯಾರದೋ ಮೊಬೈಲಿನಲ್ಲಿ ನೋಡಿದ್ದಳು. ಮರುದಿನವೇ ನಮ್ಮ ಶಾಲೆಗೆ ಮೇಲಧಿಕಾರಿಯೊಬ್ಬರು ಊಟ ಪರೀಕ್ಷಿಸಲು ಬರುವವರಿದ್ದರು. ಮಕ್ಕಳು ಅವಳನ್ನು 'ಸಾರಿನಕ್ಕ' ಎಂದು ಕರೆಯುತ್ತಿದ್ದರು. ಆ ಹೆಸರಿನ ಮೇಲೆ ಅವಳಿಗೆ ಅಭಿಮಾನವಿತ್ತು. ಅದನ್ನು ಕಳೆದುಕೊಳ್ಳುವ ಭಯವೂ ಇತ್ತು.

"ನಾಳೀಕ್ ಸಾಹೇಬ್ರು ಬತ್ತಾರೆ ಐನೋರೆ. ನನ್ ಸಾರಲ್ಲಿ ಏನೂ ಬೀಳಂಗಿಲ್ಲ ತಾನೆ, ಕೇಳಿ ಅವನ್ನ," ಎಂದಳು.

ಬಲಗಡೆ ಹೂವಾಯಿತು; ಭಯವಿಲ್ಲವೆಂದು ಅರ್ಥ. ಮರುದಿನ ಅಧಿಕಾರಿಗಳು ಬಂದರು, ಉಂಡರು, ಸಾರು ಚೆನ್ನಾಗಿದೆಯೆಂದು ಇನ್ನೊಂದು ಸೌಟು ಹಾಕಿಸಿಕೊಂಡರೆಂದು ಮುಖ್ಯೋಪಾಧ್ಯಾಯರೇ ನನಗೆ ಹೇಳಿದರು. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು. ಅದರ ಮರುದಿನ ಬೆಳಿಗ್ಗೆ ನಾನು ಅಭಿಷೇಕ ಮುಗಿಸಿ ತಿರುಗಿದರೆ, ಅವಳು ಹೊಸ್ತಿಲಿನ ಆಚೆ ಕುಳಿತಿದ್ದಳು.

"ಮತ್ತೇಕಮ್ಮ? ಎಲ್ಲ ಸರಿಹೋಯಿತಂತಲ್ಲ."

"ನಿನ್ನೇದ್ ಸರ್ಯಾಯ್ತು. ಇವತ್ತಿನ್ ಸಾರು ಬ್ಯಾರೆ ಅಲ್ವಾ ಐನೋರೆ?"

ನನಗೆ ನಗು ಬಂತು. ಒಂದು ಸಂಕಲ್ಪಕ್ಕೆ ಒಂದೇ ಹೂ ಎಂಬ ಕಟ್ಟನ್ನು ಅವಳು ಒಂದೇ ಮಾತಿನಿಂದ ದಾಟಿದ್ದಳು. ಪ್ರತಿದಿನದ ಸಾರು ಬೇರೆಯಾದರೆ ಪ್ರತಿದಿನದ ಸಂಕಲ್ಪವೂ ಬೇರೆಯೇ. ವಾದದಲ್ಲಿ ದೋಷವಿರಲಿಲ್ಲ. ಹೂ ಇಟ್ಟೆ.

ಅಂದಿನಿಂದ ಅವಳು ದಿನವೂ ಬಂದಳು. ಸಾರಾದ ಮೇಲೆ ಅಕ್ಕಿಯಲ್ಲಿ ಗಾಜಿನ ಚೂರು ಇದೆಯೋ ಎಂಬ ಪ್ರಶ್ನೆ ಬಂತು. ಅಕ್ಕಿಯಾದ ಮೇಲೆ ಗ್ಯಾಸಿನ ಸಿಲಿಂಡರು ಸಿಡಿಯುತ್ತದೆಯೋ ಎಂದಳು. ಆಮೇಲೆ ಯಾವುದೋ ಮಗುವಿಗೆ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಯೋ ಎಂದಳು. ನಾನು ಕಲಿತ ತರ್ಕಶಾಸ್ತ್ರದಲ್ಲಿ ಸಂಶಯಕ್ಕೆ ಒಂದು ಲಕ್ಷಣವಿದೆ: ಅದು ನಿರ್ಣಯವನ್ನು ಬಯಸುತ್ತದೆ, ನಿರ್ಣಯ ದೊರೆತೊಡನೆ ಅಡಗುತ್ತದೆ. ಇವಳ ಸಂಶಯಕ್ಕೆ ನಿರ್ಣಯವೇ ಆಹಾರವಾಗಿತ್ತು. ಒಂದು ಉತ್ತರ ಸಿಕ್ಕ ಕೂಡಲೇ ಅದು ಆ ಗೂಟದಿಂದ ಹಗ್ಗ ಬಿಚ್ಚಿಕೊಂಡು ಹೋಗಿ ಇನ್ನೊಂದು ಗೂಟಕ್ಕೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿತ್ತು.

ಅವಳ ಗಂಡ ಗೂಡ್ಸ್ ಆಟೋದಲ್ಲಿ ಶಿರಾ ಮಾರುಕಟ್ಟೆಗೆ ತರಕಾರಿ ಸಾಗಿಸುವವನು. ಒಂದು ದಿನ ಹೂಕೋಸಿನ ಮೂಟೆ ಇಳಿಸಿ ಬರುವಾಗ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಚಪ್ಪಲಿ ಬಿಡದೆ ಅಂಗಳದಲ್ಲಿಯೇ ನಿಂತು ಹೇಳಿಕೊಂಡ.

"ಸಾರ್ನ ಸೋಸ್ತಾಳೆ ಐನೋರೆ, ಟೀ ಸೋಸ್ದಂಗೆ. ಬ್ಯಾಳೆ ಎಲ್ಲ ಜಾಲ್ರೀಲೇ ಉಳೀತದೆ. ಮುಚ್ಚಳ ತೆಗ್ಯಾದು, ನೋಡಾದು, ಮುಚ್ಚಾದು. ಹುಡುಗ್ರು ತಟ್ಟೆ ಇಡ್ಕಂಡು ಕುಂತೇ ಇರ್ತವೆ. ಸಾಯಂಕಾಲ ಮನೀಗ್ ಬಂದ್ಮ್ಯಾಲೂ ಬೀಗ ಹಾಕಿದ್ನಾ ಅಂತ ತಿರ್ಗ ಸ್ಕೂಲ್ ತಾವ ಓಯ್ತಾಳೆ. ನಂಗೇನೋ ಗಾಳಿ ಸೋಕಿರ್ಬೇಕು ಅನ್ನುಸ್ತದೆ."

"ಎಷ್ಟು ದಿನದಿಂದ ಹೀಗೆ?"

"ಮೊದ್ಲಿಂದ್ಲೂ ಸ್ವಲ್ಪ ಇತ್ತು. ಈಗ ಹೂ ಕೇಳಕ್ ಸುರು ಮಾಡಿದ್ಮ್ಯಾಲೆ ಜಾಸ್ತಿ ಆಗದೆ."

ಕೊನೆಯ ಮಾತನ್ನು ಅವನು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿದು ತಲೆ ತಗ್ಗಿಸಿದ. ನಾನು ಅವಳ ಕೈಗಳನ್ನು ನೆನೆದುಕೊಂಡೆ. ಕೈ ಸೊರಗಿ ಬಳೆಗಳು ಮೊಣಕೈಯವರೆಗೆ ಸರಿಯುತ್ತಿದ್ದವು. ತೀರ್ಥಕ್ಕೆ ಒಡ್ಡಿದ ಅಂಗೈ ತೀರ್ಥ ಬೀಳುವ ಮೊದಲೇ ಒದ್ದೆಯಾಗಿರುತ್ತಿತ್ತು.

ಆ ವಾರವೇ ಒಂದು ಬೆಳಿಗ್ಗೆ ಮೋಡ ಕವಿದು ಜಿನುಗುಮಳೆ ಹಿಡಿದಿತ್ತು. ಗರ್ಭಗುಡಿಯ ಕಲ್ಲುಗಳೂ ಬೆವರಿದ್ದವು. ಅವಳು ಬಂದು ಕುಳಿತಳು. ನಾನು ಎಸಳುಗಳನ್ನು ಅಂಟಿಸಿದೆ. ಬಹಳ ಹೊತ್ತಾದರೂ ಎರಡರಲ್ಲಿ ಒಂದೂ ಅಲುಗಲಿಲ್ಲ. ನಾನು ಪಂಚಾಕ್ಷರಿಯನ್ನು ಜಪಿಸುತ್ತ ಕುಳಿತೆ. ಅವಳು ಕಣ್ಣು ಮಿಟುಕಿಸದೆ ಲಿಂಗವನ್ನೇ ನೋಡುತ್ತಿದ್ದಳು. ಶಾಲೆಯ ಗಂಟೆ ಕೇಳಿಸಿತು. ಅವಳು ಎದ್ದು, ನನ್ನ ಕಡೆಗೂ ನೋಡದೆ, ಮಳೆಯಲ್ಲಿಯೇ ಓಡಿದಳು.

ಸಂಜೆ ಮುಖ್ಯೋಪಾಧ್ಯಾಯರು ಛತ್ರಿ ಮಡಿಸಿ ಗುಡಿಯ ಜಗಲಿಗೆ ಬಂದರು. ಸೌಮ್ಯ ಸ್ವಭಾವದ ಮನುಷ್ಯ. ಅಂದು ಅವರ ದನಿ ಗಡುಸಾಗಿತ್ತು. ಸಾರು ಕುದಿದ ಮೇಲೆ ನಿಯಮದಂತೆ ಅಡುಗೆಯವರೂ ಒಬ್ಬ ಶಿಕ್ಷಕರೂ ಮೊದಲು ರುಚಿ ನೋಡಬೇಕು. ಶಿಕ್ಷಕರು ನೋಡಿ ಸರಿಯಿದೆ ಎಂದಿದ್ದರು. ಅಷ್ಟಾದರೂ ಅವಳು ಇಡೀ ಪಾತ್ರೆಯನ್ನು ಎಳೆದುಕೊಂಡು ಹೋಗಿ ಚರಂಡಿಗೆ ಸುರಿದುಬಿಟ್ಟಿದ್ದಳು. ಮಕ್ಕಳು ಅಕ್ಕಪಕ್ಕದ ಮನೆಗಳಿಂದ ತಂದ ಮಜ್ಜಿಗೆಯಲ್ಲಿ ಅನ್ನ ಕಲಸಿಕೊಂಡು ಉಂಡಿದ್ದರು.

"ಕೇಳಿದ್ರೆ, ದೇವ್ರು ಹೂವೇ ಕೊಡ್ಲಿಲ್ಲ ಅಂತಾರೆ," ಎಂದರು ಅವರು. "ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ, ಸ್ವಾಮಿ. ಅವರ ಕೈರುಚಿ ಇನ್ನೊಬ್ಬರಿಗಿಲ್ಲ. ಆದ್ರೆ ನಾನೇನ್ ಮಾಡ್ಲಿ?"

ಅವರು ಹೋದ ಮೇಲೆ ಸಂಧ್ಯಾಪೂಜೆಗೆ ಬಾಗಿಲು ತೆಗೆದೆ. ಬೆಳಿಗ್ಗೆ ನಾನು ಇಟ್ಟ ಎರಡು ಎಸಳುಗಳೂ ಲಿಂಗದ ನೆತ್ತಿಗೆ ಇನ್ನೂ ಅಂಟಿಕೊಂಡಿದ್ದವು. ತೇವದ ಗಾಳಿಗೆ ಎಸಳು ಒಣಗುವುದಿಲ್ಲ, ಒಣಗದೆ ಬೀಳುವುದಿಲ್ಲ. ಇದು ನನಗೆ ತಿಳಿಯದ ಸಂಗತಿಯಲ್ಲ. ಮಳೆಗಾಲದಲ್ಲಿ ಹೂ ತಡವಾಗುವುದನ್ನು ತಂದೆಯವರ ಕಾಲದಿಂದ ನೋಡಿದ್ದೇನೆ. ಆದರೆ ನನ್ನ ಶ್ರದ್ಧೆ ಗಾಳಿಯನ್ನೂ ಈಶ್ವರನನ್ನೂ ಬೇರೆಬೇರೆ ಇಟ್ಟು ನೋಡುವಂಥದ್ದಲ್ಲ. ಅವಳು ಆ ಮೌನವನ್ನು ಬೆದರಿಕೆಯೆಂದು ಓದಿದಳು. ನಾನು ಅದನ್ನು ಬೇರೆ ರೀತಿಯಲ್ಲಿ ಓದಿದೆ. ಕೇಳಬಾರದ್ದನ್ನು ಕೇಳಿದಾಗ ಹಿರಿಯರು ಸುಮ್ಮನಿರುತ್ತಾರೆ. ದೀಪ ಹಚ್ಚಿ, ಎಸಳುಗಳನ್ನು ನನ್ನ ಕೈಯಿಂದಲೇ ತೆಗೆದೆ. ಈ ಹೆಂಗಸಿಗೆ ಇನ್ನು ಹೂ ಇಡುವುದಿಲ್ಲವೆಂದು ಅಲ್ಲಿಯೇ ಸಂಕಲ್ಪ ಮಾಡಿದೆ.

ಮರುದಿನ ಅವಳು ಬಂದಾಗ ಹರಿವಾಣದಲ್ಲಿ ಕಣಗಿಲೆಯೇ ಇರಲಿಲ್ಲ. ಬಿಲ್ವ ಮಾತ್ರ ಇತ್ತು.

"ಹೂವೆಲ್ಲಿ ಐನೋರೆ?"

"ನಿನಗೆ ಇನ್ನು ಹೂ ಇಡೋದಿಲ್ಲಮ್ಮ."

"ಒಂದೇ ಒಂದ್ಸಲ. ನಿಮ್ ಪಾದಕ್ ಬೀಳ್ತೀನಿ. ನಾನೇನ್ ಪಾಪ ಮಾಡಿವ್ನಿ?"

"ಪಾಪದ ಮಾತು ಬೇಡ. ನನಗೊಂದು ಹೇಳು. ಬಲಕ್ಕೆ ಹೂ ಬಿದ್ದ ದಿನಗಳಲ್ಲಿ ನಿನ್ನ ಧೈರ್ಯ ಎಲ್ಲೀ ತನಕ ಇರ್ತಿತ್ತು?"

ಅವಳು ಯೋಚಿಸಿದಳು. ಸುಳ್ಳು ಹೇಳುವ ಸ್ವಭಾವದವಳಲ್ಲ. "ಸ್ಕೂಲ್ ಗೇಟ್ ತಂಕ," ಎಂದಳು.

"ಗೇಟಿನ ತನಕ ಹೋಗುವ ಧೈರ್ಯ ಕೊಡೋದಕ್ಕೆ ಈಶ್ವರ ಬೇಕೇನಮ್ಮ? ಇಡೋದಿಲ್ಲ. ತೀರ್ಥ ತಗೊಂಡು ಹೊರಡು."

ಅವಳು ತೀರ್ಥವನ್ನೂ ತೆಗೆದುಕೊಳ್ಳದೆ ಹೋದಳು. ಸುದ್ದಿ ಮಧ್ಯಾಹ್ನದೊಳಗೆ ಸಮಿತಿಯ ಅಧ್ಯಕ್ಷರ ಕಿವಿ ಮುಟ್ಟಿತು. ಅವರದು ಬಡವನಹಳ್ಳಿಯಲ್ಲಿ ಕಬ್ಬಿಣ-ಸಿಮೆಂಟಿನ ಅಂಗಡಿ. ಗುಡಿಯ ಹೆಸರು ನಾಲ್ಕು ತಾಲ್ಲೂಕಿಗೆ ಹಬ್ಬಿದ್ದು ಹೂವಿನಿಂದಲೇ ಎಂಬುದು ಅವರ ದೃಢವಾದ ನಂಬಿಕೆ.

"ದೇವ್ರೇನು ನಿಮ್ಮಪ್ಪನ್ ಮನೆ ಗಂಟಾ ಐನೋರೆ?" ಎಂದು ಬಂದವರೇ ಕೇಳಿದರು. "ಭಕ್ತ್ರು ಕೇಳ್ತಾರೆ, ನೀವ್ ಇಡ್ಬೇಕು. ಅಷ್ಟೇ. ಅಂಗೂ ಅವಳ್ಗೇನಾದ್ರೂ ದೋಷ ಇದ್ರೆ ಒಂದು ಶಾಂತಿ ಮಾಡ್ಸಿ. ಖರ್ಚು ಅವ್ಳ ಗಂಡ ನೋಡ್ಕತಾನೆ."

"ನಮ್ಮಪ್ಪ ಗಂಟು ಬಿಟ್ಟುಹೋಗಲಿಲ್ಲ. ಒಂದು ಕಟ್ಟು ಬಿಟ್ಟುಹೋದರು. ಅದನ್ನು ಕಾಯ್ತಿದ್ದೇನೆ. ಶಾಂತಿ ಮಾಡಿಸಿದರೆ ದಕ್ಷಿಣೆ ಬರೋದು ನನಗೇ. ಆದರೂ ಬೇಡ ಅಂತಿದ್ದೇನೆ, ಯೋಚನೆ ಮಾಡಿ."

"ನೀವ್ ಇಡ್ದಿದ್ರೆ ಇಡೋರ್ನ ತಂದ್ ಕೂರುಸ್ತೀವಿ."

"ಕೂರಿಸಿ. ಬಂದವನಿಗೆ ಅಭಿಷೇಕದ ಕ್ರಮ ನಾನೇ ತೋರಿಸಿಕೊಡ್ತೇನೆ. ಇವಳಿಗೆ ಯಾಕೆ ಹೂ ಇಡಬಾರದು ಅನ್ನೋದನ್ನೂ ನಾನೇ ಹೇಳಿಕೊಡ್ತೇನೆ."

ಅಧ್ಯಕ್ಷರು ಬೈಕು ಹತ್ತಿ ಹೋದರು. ನಾನು ನನ್ನ ನಿರ್ಧಾರದ ಬಗ್ಗೆ ಒಂದಿಷ್ಟು ಬೀಗಿದ್ದೂ ನಿಜ. ಆ ಬಿಗುಮಾನ ಎರಡು ದಿನವೂ ಉಳಿಯಲಿಲ್ಲ. ಅವಳು ಶಾಲೆಗೆ ಹೇಳದೆ ಬಸ್ಸು ಹಿಡಿದು ಕೊರಟಗೆರೆಯ ಕಡೆಯ ಇನ್ನೊಂದು ಗುಡಿಗೆ ಹೋಗಿ ಹೂ ಕೇಳಿ ಬಂದಳು. ಅಲ್ಲಿ ಎಡಕ್ಕೆ ಬಿದ್ದಿತ್ತಂತೆ. ಮನೆಗೆ ಬಂದವಳು ಒಲೆಯ ಹತ್ತಿರವೇ ಸುಳಿಯಲಿಲ್ಲ. ತನ್ನ ಕೈಯಡುಗೆಯನ್ನು ಸ್ವಂತ ಗಂಡನಿಗೆ ಬಡಿಸಲೂ ಹೆದರಿದಳು. ಅವನು ನನ್ನ ಮನೆಯ ಬಾಗಿಲಿಗೆ ಬಂದು, "ನೀವ್ ಬುಟ್ಬುಟ್ರಿ, ಅವ್ಳು ಇನ್ನೊಬ್ರನ್ನ ಹುಡ್ಕಂಡ್ಳು. ಈಗ ಯಾರ್ ತಾವ ಕರ್ಕಂಡ್ ಓಗ್ಲಿ, ನೀವೇ ಯೋಳಿ," ಎಂದ.

ಮಧುಗಿರಿಯ ಸರ್ಕಾರಿ ಆಸ್ಪತ್ರೆಗೆ ವಾರದಲ್ಲಿ ಒಂದು ದಿನ ಮನಸ್ಸಿನ ಕಾಯಿಲೆಯ ವೈದ್ಯರು ಬರುತ್ತಾರೆಂಬುದು ನನಗೆ ತಿಳಿದಿತ್ತು. ಅವಳು ಬರಲು ಸುಲಭವಾಗಿ ಒಪ್ಪಲಿಲ್ಲ. "ನಂಗೇನ್ ಹುಚ್ಚು ಹಿಡ್ದದಾ?" ಎಂದು ಕೇಳಿದಳು. ಹುಚ್ಚು ಹಿಡಿದವರು ಈ ಪ್ರಶ್ನೆಯನ್ನು ಇಷ್ಟು ಚೆನ್ನಾಗಿ ಕೇಳುವುದಿಲ್ಲವೆಂದು ನಾನು ಹೇಳಿದಾಗ, ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗೆಯ ನೆರಳು ಕಂಡಿತು. ಗಂಡನ ಗೂಡ್ಸ್ ಆಟೋದಲ್ಲಿಯೇ ಹೊರಟೆವು. ಅವಳು ಮುಂದೆ ಗಂಡನ ಪಕ್ಕದಲ್ಲಿ. ನಾನು ಹಿಂದೆ, ಖಾಲಿ ಟೊಮೆಟೊ ಕ್ರೇಟುಗಳ ನಡುವೆ ಶಾಲು ಹೊದ್ದುಕೊಂಡು. ದಾರಿಯಲ್ಲಿ ಎದುರಾದ ಅಧ್ಯಕ್ಷರು ಬೈಕು ನಿಲ್ಲಿಸಿ ನೋಡಿದರು. ನಾನೂ ನೋಡಿದೆ.

ವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಎಲ್ಲವನ್ನೂ ಕ್ರಮವಾಗಿ ವಿವರಿಸತೊಡಗಿದಾಗ ಆಕೆ ಕೈಯೆತ್ತಿ, "ತಾತ, ನೀವು ಸ್ವಲ್ಪ ಸುಮ್ಮನಿರಿ. ಅಮ್ಮನೇ ಹೇಳಲಿ," ಎಂದರು. ಅವಳು ಮೊದಲು ತಡವರಿಸಿದಳು, ಆಮೇಲೆ ಎಲ್ಲವನ್ನೂ ಹೇಳಿದಳು: ಹಲ್ಲಿ, ಗಾಜು, ಸಿಲಿಂಡರು, ಬೀಗ, ಎದೆಬಡಿತ, ಬೆವರು. ಆಮೇಲೆ ವೈದ್ಯೆ ಕೇಳಿದ ಪ್ರಶ್ನೆಗಳು ನಾನು ಒಂದು ದಿನವೂ ಕೇಳದವು. ಸಾಹೇಬರು ಬಂದುಹೋದ ಮೇಲೆ ಎಷ್ಟು ದಿನ ನೆಮ್ಮದಿಯಾಗಿದ್ದೆ? ರಜೆಯ ದಿನ ಭಯ ಇರುತ್ತದೆಯೋ? ಭಯದಿಂದ ಯಾವ ಯಾವ ಕೆಲಸ ಬಿಟ್ಟಿದ್ದೀಯೆ?

ರಜೆಯ ದಿನ ಇನ್ನೂ ಹೆಚ್ಚು ಎಂದಳು ಅವಳು. ಅಡುಗೆಯಿಲ್ಲದ ದಿನ ಅಡುಗೆಯ ಭಯ.

"ನೋಡಮ್ಮ," ಎಂದರು ವೈದ್ಯೆ, "ತಪಾಸಣೆ ಇದೆ ಅಂತ ಕೈಕಾಲು ನಡುಗಿದ್ರೆ ಅದು ಒತ್ತಡ. ಎಲ್ಲರಿಗೂ ಬರುತ್ತೆ, ನನಗೂ ಬರುತ್ತೆ. ತಪಾಸಣೆ ಮುಗಿದ್ರೆ ಹೋಗುತ್ತೆ. ನಿನ್ನದು ಹೋಗ್ಲಿಲ್ಲ. ಕಾರಣ ಹೋದ್ಮೇಲೂ ಉಳೀತು, ಹೊಸ ಕಾರಣ ಹುಡುಕ್ತು, ಕೆಲಸ ನಿಲ್ಲಿಸ್ತು. ಇದು ಆತಂಕದ ಕಾಯಿಲೆ. ಬಿಪಿ, ಶುಗರ್ ಇದ್ದ ಹಾಗೆ ಇದೂ ಒಂದು. ನಿನ್ನ ತಪ್ಪಲ್ಲ. ವಾಸಿ ಮಾಡ್ಕೋಬಹುದು."

ಮಾತ್ರೆ ಬರೆದುಕೊಟ್ಟರು, ವಾರ ವಾರ ಬಂದು ಮಾತನಾಡಬೇಕೆಂದರು. ಅಡುಗೆಮನೆಗೂ ಒಂದು ಕಟ್ಟು ಹಾಕಿದರು: ಬೇಳೆ ಆರಿಸುವುದು ಒಂದು ಸಲ, ಸಾರು ನೋಡುವುದು ಒಂದು ಸಲ, ಶಿಕ್ಷಕರು ರುಚಿ ನೋಡಿದ ಮೇಲೆ ಮುಚ್ಚಳ ತೆಗೆಯುವುದು ಬಡಿಸಲಿಕ್ಕೆ ಮಾತ್ರ. ಯಾರನ್ನೂ, ದೇವರನ್ನೂ ಸೇರಿಸಿ, ಸರಿಯಿದೆಯಾ ಎಂದು ಕೇಳುವಂತಿಲ್ಲ. ಕೇಳದಿದ್ದರೆ ಮೊದಲು ಭಯ ಹೆಚ್ಚುತ್ತದೆ. ಆಮೇಲೆ ತಾನಾಗಿಯೇ ಇಳಿಯುತ್ತದೆ ಎಂದರು. ಒಂದು ಸಂಕಲ್ಪಕ್ಕೆ ಒಂದೇ ಹೂ ಎಂಬ ನನ್ನ ತಂದೆಯವರ ಮಾತು ಆ ಆಸ್ಪತ್ರೆಯ ಕೋಣೆಯಲ್ಲಿ ಬೇರೊಂದು ಬಾಯಿಂದ ಕೇಳಿಸಿದಂತಾಯಿತು.

ಕೊನೆಗೆ ನನ್ನ ಕಡೆ ತಿರುಗಿದರು. "ಹೂ ನಿಲ್ಲಿಸಿದ್ದು ಸರಿ, ತಾತ. ಆದ್ರೆ ಊರುಗೋಲು ಕಿತ್ಕೊಂಡ್ರಿ, ಕೈ ಹಿಡೀಲಿಲ್ಲ."

ಆ ಮಾತನ್ನು ನಾನು ತಲೆಬಾಗಿ ಸ್ವೀಕರಿಸಿದೆ. ಅಂದಿನಿಂದ ಅವಳು ಶಾಲೆಗೆ ಹೋಗುವ ಮುನ್ನ ಗುಡಿಗೆ ಬರುವುದು ಮತ್ತೆ ಆರಂಭವಾಯಿತು, ಬೇರೊಂದು ಕ್ರಮದಲ್ಲಿ. ನಾನು ತೀರ್ಥ ಕೊಡುತ್ತ ಕೇಳುತ್ತಿದ್ದೆ: "ಭಯ ಇದೆಯೇನಮ್ಮ?"

"ಐತೆ."

"ಇರಲಿ. ಹೋಗಿ ಬೇಳೆ ಹಾಕು."

ಸರಿಯಾಗುತ್ತದೆ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಅದೂ ಒಂದು ಹೂವೇ ಆಗುತ್ತಿತ್ತು. ಮೊದಮೊದಲು ಅವಳು ಅಳುತ್ತ ಹೋಗುತ್ತಿದ್ದಳು. ಸೌಟಿನ ಸಾರು ಮಕ್ಕಳ ತಟ್ಟೆಯ ಹೊರಗೆ ಚೆಲ್ಲುತ್ತಿತ್ತೆಂದು ಮುಖ್ಯೋಪಾಧ್ಯಾಯರು ಹೇಳುತ್ತಿದ್ದರು. ಚೆಲ್ಲಲಿ, ಚರಂಡಿಗೆ ಸುರಿಯುತ್ತಿಲ್ಲವಲ್ಲ ಎಂದೆ. ಅವರು ಬೇರೆಯವರನ್ನು ಹುಡುಕುವ ಮಾತನ್ನು ಮುಂದಕ್ಕೆ ಹಾಕಿದರು. ನಡುವೆ ಒಂದು ಸಲ ಅವಳು ಮಾತ್ರೆ ಬಿಟ್ಟಳು, ಮತ್ತೆ ಮುಚ್ಚಳ ತೆಗೆಯತೊಡಗಿದಳು. ಗಂಡ ಮತ್ತೆ ಮಧುಗಿರಿಗೆ ಕರೆದುಕೊಂಡು ಹೋದ. ಸಮಿತಿಯವರು ಹೊಸ ಅರ್ಚಕನನ್ನು ತರಲಿಲ್ಲ. ನನ್ನನ್ನು ಮಾತನಾಡಿಸುವುದನ್ನು ಬಿಟ್ಟರು. ನನಗೆ ಅದರಿಂದ ನಷ್ಟವಾಗಲಿಲ್ಲ. ಉಳಿದವರಿಗೆ ಹೂ ಇಡುವುದನ್ನು ನಾನು ನಿಲ್ಲಿಸಲಿಲ್ಲ. ಒಂದು ಸಲ ಕೇಳಿ, ಬಂದ ಉತ್ತರವನ್ನು ಹೊತ್ತು ಮನೆಗೆ ಹೋಗಬಲ್ಲವರಿಗೆ ಈಗಲೂ ಇಡುತ್ತೇನೆ.

ಕಾರ್ತಿಕದ ಒಂದು ಸೋಮವಾರ ಅಧ್ಯಕ್ಷರು ಮನೆಯವರೊಂದಿಗೆ ಅಭಿಷೇಕ ಮಾಡಿಸಲು ಬಂದಿದ್ದರು. ಅವರು ತಂದ ಅಲಂಕಾರದ ಕಣಗಿಲೆಗಳು ಲಿಂಗದ ನೆತ್ತಿಯ ತುಂಬ ಇದ್ದವು. ಹೊರಗೆ ಎಳೆಬಿಸಿಲು, ಒಣಗಾಳಿ. ಅವಳು ಶಾಲೆಗೆ ಹೋಗುವ ದಾರಿಯಲ್ಲಿ ಬಂದು ತೀರ್ಥಕ್ಕೆ ಕೈಯೊಡ್ಡಿದಳು. ನಾನು ಉದ್ಧರಣೆಯಿಂದ ತೀರ್ಥ ಹಾಕುತ್ತಿದ್ದಂತೆಯೇ, ಯಾರೂ ಏನೂ ಕೇಳದೆ, ಎಡಗಡೆಯಿಂದ ಒಂದು ಹೂ ಜಾರಿ ಪೀಠದ ಮೇಲೆ ಬಿತ್ತು.

ಅವಳು ನೋಡಿದಳು. ಅಧ್ಯಕ್ಷರೂ ನೋಡಿದರು.

"ಎಡಕ್ಕೆ ಆಯ್ತಲ್ಲಮ್ಮ," ಎಂದರು ಅವರು, ನನ್ನ ಕಡೆಗೊಂದು ಕಣ್ಣು ಹಾಯಿಸಿ.

ಅವಳ ಅಂಗೈಯಲ್ಲಿ ತೀರ್ಥ ತುಳುಕಿದ್ದು ನನಗೆ ಕಂಡಿತು. ನಾನು ಬಾಯಿ ತೆರೆಯಲಿಲ್ಲ. ತೆರೆಯದಿರಲು ನನಗೂ ಕಷ್ಟವಾಯಿತು. ಅವಳು ತೀರ್ಥ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು.

"ಒಣಗ್ತು, ಬಿತ್ತು ಕಣಣ್ಣ," ಎಂದಳು ಅಧ್ಯಕ್ಷರಿಗೆ. "ನಂಗೆ ಹೊತ್ತಾಯ್ತು, ಬ್ಯಾಳೆ ಹಾಕ್ಬೇಕು."

ಇಳಿಜಾರಿನಲ್ಲಿ ಅವಳ ಹೆಜ್ಜೆಗಳು ಶಾಲೆಯ ಕಡೆಗೆ ಹೋದವು. ನಾನು ಬಿದ್ದ ಹೂವನ್ನು ಎತ್ತಿ ನಿರ್ಮಾಲ್ಯದ ಬುಟ್ಟಿಗೆ ಹಾಕಿ, ಅಧ್ಯಕ್ಷರ ಕೈಗೆ ತೀರ್ಥ ಕೊಟ್ಟೆ.